ಚಾರ್ಜರ್ ಮೇಲಿನ ಸಂಖ್ಯೆ, ಕಾರಿಗೆ ಸಿಗುವ ವೇಗ

ದೂರ ಪ್ರಯಾಣದ ನಡುವೆ ವಿದ್ಯುತ್ ಕಾರನ್ನು ಫಾಸ್ಟ್ ಚಾರ್ಜ್ ಮಾಡುವ ಕುರಿತು ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಕಾರು 150 ಕಿಲೋವ್ಯಾಟ್ ವೇಗದಲ್ಲಿ ಚಾರ್ಜ್ ಆಗಬಲ್ಲದೆಂದು ಕಂಪನಿಯ ಕೈಪಿಡಿಯಲ್ಲಿದೆ. ಹೆದ್ದಾರಿಯಲ್ಲಿ ಸಿಕ್ಕ ಚಾರ್ಜರ್ ಮೇಲೆ 120 ಕಿಲೋವ್ಯಾಟ್ ಎಂದು ಬರೆದಿತ್ತು. ಬ್ಯಾಟರಿ ಶೇ. 20ರಷ್ಟಿತ್ತು, ಪಕ್ಕದ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಕೂಡ ಖಾಲಿಯಿತ್ತು. ಆದರೂ ಪರದೆಯ ಮೇಲಿನ ಅಂಕಿ 72ರ ಆಸುಪಾಸಿನಲ್ಲೇ ಉಳಿಯಿತು. ಇದರಲ್ಲಿ ದೋಷ ಯಾರದು?

ಉತ್ತರ: ಬಹುಶಃ ಯಾರದೂ ಅಲ್ಲ. ನೀವು ಹೇಳಿರುವ ಎರಡು ಸಂಖ್ಯೆಗಳೂ ನಿಜ, ಆದರೆ ಎರಡೂ ಗರಿಷ್ಠ ಮಿತಿಗಳು, ಮತ್ತು ಒಂದೊಂದು ಮಿತಿಯನ್ನು ತಲುಪಲು ಬೇಕಾದ ಪರಿಸ್ಥಿತಿ ಬೇರೆ ಬೇರೆ.

ಚಾರ್ಜರ್ ಕೊಡುವ ಕಿಲೋವ್ಯಾಟ್ ಎಂಬುದು ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧ. ಇವುಗಳಲ್ಲಿ ವೋಲ್ಟೇಜನ್ನು ನಿರ್ಧರಿಸುವುದು ಕಾರಿನ ಬ್ಯಾಟರಿ. ಚಾರ್ಜರ್ ಅದಕ್ಕೆ ಹೊಂದಿಕೊಳ್ಳಬೇಕು. ಇಂದಿನ ಬಹುಪಾಲು ಕಾರುಗಳು 400 ವೋಲ್ಟ್ ವರ್ಗಕ್ಕೆ ಸೇರಿದವಾದರೂ ಅವುಗಳ ಬ್ಯಾಟರಿ ಸದಾ 400 ವೋಲ್ಟ್‌ನಲ್ಲಿ ಇರುವುದಿಲ್ಲ. ಈ ವರ್ಗದಲ್ಲಿ ಸಾಮಾನ್ಯವಾಗಿರುವಂತೆ 96 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದರೆ, ಪೂರ್ತಿ ತುಂಬಿದಾಗ ಪ್ರತಿ ಸೆಲ್‌ಗೆ 4.2 ವೋಲ್ಟ್‌ನಂತೆ ಒಟ್ಟು 403 ವೋಲ್ಟ್ ಆಗುತ್ತದೆ. ಖಾಲಿಯಾಗುತ್ತ ಬಂದಾಗ ಅದು ಸಾಕಷ್ಟು ಕೆಳಗಿಳಿದಿರುತ್ತದೆ. ಇನ್ನು ಆಂಪಿಯರ್‌ಗೆ ಗನ್ನಿನ ಕೇಬಲ್ಲೇ ಒಂದು ಎಲ್ಲೆ ಹಾಕುತ್ತದೆ. ದ್ರವದಿಂದ ತಂಪಾಗಿಸುವ ಕೇಬಲ್ ಇದ್ದರೆ ಸಿಸಿಎಸ್ ಮಾದರಿಯ (ಫಾಸ್ಟ್ ಚಾರ್ಜಿಂಗ್‌ನ ಒಂದು ಪ್ರಚಲಿತ ಮಾನದಂಡ) ಚಾರ್ಜರ್ 500 ಆಂಪಿಯರ್‌ವರೆಗೂ ಕೊಡಬಲ್ಲದು. ಆ ವ್ಯವಸ್ಥೆಯಿಲ್ಲದ ಕೇಬಲ್‌ಗಳು ಅನೇಕ ಕಡೆ 200 ಅಥವಾ 250 ಆಂಪಿಯರ್‌ಗೆ ನಿಲ್ಲುತ್ತವೆ. ನಿಮ್ಮ ಬ್ಯಾಟರಿ ಆ ಹೊತ್ತಿಗೆ 360 ವೋಲ್ಟ್‌ನಲ್ಲಿದ್ದು ಚಾರ್ಜರ್‌ನ ಮಿತಿ 200 ಆಂಪಿಯರ್ ಆಗಿದ್ದರೆ ಬರುವುದು ಸರಿಯಾಗಿ 72 ಕಿಲೋವ್ಯಾಟ್. ಅದೇ ಚಾರ್ಜರ್ 120 ಕಿಲೋವ್ಯಾಟ್ ಕೊಡಬೇಕಾದರೆ ಎದುರಿಗಿರುವ ಬ್ಯಾಟರಿ 600 ವೋಲ್ಟ್‌ನದಾಗಿರಬೇಕು, ಅಂದರೆ 800 ವೋಲ್ಟ್ ವರ್ಗದ ಕಾರು ಬಂದು ನಿಲ್ಲಬೇಕು.

ಮುಂದಿನ ಸಲ ಚಾರ್ಜರ್ ಪರದೆಯಲ್ಲಿ ಕಿಲೋವ್ಯಾಟ್ ಬದಲಿಗೆ ಪಕ್ಕದ ಎರಡು ಅಂಕಿಗಳನ್ನು ಐದು ನಿಮಿಷ ಗಮನಿಸಿ. ಆಂಪಿಯರ್ 200ರಲ್ಲಿ ಕದಲದೆ ನಿಂತು, ವೋಲ್ಟ್ ಮಾತ್ರ 360, 362, 365 ಎಂದು ಮೆಲ್ಲಗೆ ಏರುತ್ತಿದ್ದರೆ ತಡೆ ಇರುವುದು ಚಾರ್ಜರ್ ಕಡೆಯಲ್ಲಿ. ಆಂಪಿಯರ್ 180, 165, 150 ಎಂದು ಹಂತ ಹಂತವಾಗಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಕಾರೇ ಕಡಿಮೆ ಕೇಳುತ್ತಿದೆ ಎಂದರ್ಥ, ಏಕೆಂದರೆ ಕ್ಷಣಕ್ಷಣವೂ ಎಷ್ಟು ಕರೆಂಟ್ ಬೇಕೆಂದು ಚಾರ್ಜರ್‌ಗೆ ತಿಳಿಸುವುದು ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆ. ಒಮ್ಮೆಲೇ ಅರ್ಧಕ್ಕೆ ಬಿದ್ದರೆ ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದಿದೆಯೇ ನೋಡಿ. ಎರಡು ಗನ್‌ಗಳ ಎಷ್ಟೋ ಚಾರ್ಜರ್‌ಗಳು ಫಲಕದಲ್ಲಿರುವ ಶಕ್ತಿಯನ್ನು ಇಬ್ಬರಿಗೂ ಹಂಚುತ್ತವೆ. ಬಿಸಿಲಿಗೆ ಚಾರ್ಜರ್ ಕಾದಾಗಲೂ ಆಂಪಿಯರ್ ಇಳಿಯುವುದುಂಟು. ಆ ಸಂಶಯ ಬಂದರೆ ಬೇರೆ ಚಾರ್ಜರ್‌ಗೆ ಬದಲಿಸಿ ನೋಡುವುದೇ ಸರಳ ಪರೀಕ್ಷೆ. ಚಾರ್ಜರ್‌ಗಳ ಮೇಲೆ ಕಿಲೋವ್ಯಾಟ್‌ನಷ್ಟೇ ದೊಡ್ಡ ಅಕ್ಷರದಲ್ಲಿ ಆಂಪಿಯರ್ ಮಿತಿಯನ್ನೂ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ, ಏಕೆಂದರೆ 400 ವೋಲ್ಟ್ ವರ್ಗದ ಕಾರಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಖ್ಯೆ ಅದು.

ಪ್ರಶ್ನೆ: ಎಲ್ಲರೂ ಶೇ. 80ಕ್ಕೆ ಗನ್ ತೆಗೆಯಿರಿ ಎನ್ನುತ್ತಾರೆ. ಹೇಗೂ ನಿಂತಿರುವಾಗ ಪೂರ್ತಿ ತುಂಬಿಸಿಕೊಂಡರೆ ಮುಂದಿನ ನಿಲುಗಡೆ ಉಳಿಯುವುದಿಲ್ಲವೇ?

ಉತ್ತರ: ಉಳಿಯಬಹುದು, ಆದರೆ ಅದಕ್ಕೆ ನೀವು ತೆರುವ ಸಮಯ ಹೆಚ್ಚಾಗಿರುತ್ತದೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಸೆಲ್‌ನೊಳಗಿನ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಪದರಗಳು ತುಂಬುತ್ತ ಬಂದಂತೆ ಹೊಸ ಅಯಾನುಗಳಿಗೆ ಒಳಗೆ ಸ್ಥಳ ಸಿಗುವುದು ನಿಧಾನವಾಗುತ್ತದೆ. ಆಗಲೂ ಅದೇ ರಭಸದಲ್ಲಿ ಅವನ್ನು ಒಳತಳ್ಳಿದರೆ ಅವು ಗ್ರಾಫೈಟ್‌ನ ಮೇಲ್ಮೈಯಲ್ಲೇ ಲೋಹದ ರೂಪದಲ್ಲಿ ಕಟ್ಟಿಕೊಳ್ಳುತ್ತವೆ, ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಜೊತೆಗೆ ಸೆಲ್‌ನ ವೋಲ್ಟೇಜ್ ತನ್ನ ಮೇಲ್ಮಿತಿಯನ್ನು ಮೀರುವಂತಿಲ್ಲ. ಈ ಎರಡು ಕಾರಣಗಳಿಂದ ಕಾರು ತಾನಾಗಿಯೇ ಕರೆಂಟನ್ನು ಇಳಿಸುತ್ತ ಹೋಗುತ್ತದೆ.

ಒಂದು ಲೆಕ್ಕ ನೋಡಿ. 60 ಯೂನಿಟ್ (ಕಿಲೋವ್ಯಾಟ್-ಗಂಟೆ) ಬ್ಯಾಟರಿಯ ಕಾರೊಂದು ಹೆದ್ದಾರಿಯಲ್ಲಿ 100 ಕಿಲೋಮೀಟರ್‌ಗೆ 18 ಯೂನಿಟ್ ಬಳಸುತ್ತದೆ ಎಂದುಕೊಳ್ಳೋಣ. ಶೇ. 10ರಿಂದ 80ಕ್ಕೆ ಏರಲು ಅದಕ್ಕೆ 30 ನಿಮಿಷ ಬೇಕಾದರೆ 42 ಯೂನಿಟ್, ಅಂದರೆ ಸುಮಾರು 233 ಕಿಲೋಮೀಟರ್ ದೊರೆಯಿತು. ನಿಂತ ಪ್ರತಿ ನಿಮಿಷಕ್ಕೆ 8 ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಉಳಿದ 12 ಯೂನಿಟ್ ತುಂಬಲು ಇನ್ನೊಂದು 30 ನಿಮಿಷ ಹಿಡಿಯುವುದು ಅನೇಕ ಕಾರುಗಳಲ್ಲಿ ಅಸಹಜವೇನಲ್ಲ. ಆ ಅರ್ಧ ಗಂಟೆಗೆ ಸಿಗುವುದು 67 ಕಿಲೋಮೀಟರ್, ನಿಮಿಷಕ್ಕೆ ಎರಡು ಚಿಲ್ಲರೆ. ಹಿಂದೆ ಸರದಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರೆ ಅವರ ಅರ್ಧ ಗಂಟೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಹಾಗೆಂದು ಪದೇ ಪದೇ ನಿಲ್ಲುವುದೂ ಲಾಭವಲ್ಲ. ಹೆದ್ದಾರಿ ಬಿಟ್ಟು ಒಳಗೆ ಬಂದು, ಆ್ಯಪ್ ತೆರೆದು ಹಣ ಪಾವತಿಸಿ, ಗನ್ ಹಾಕಿದ ಮೇಲೆ ಕಾರು ಮತ್ತು ಚಾರ್ಜರ್ ಮಾಹಿತಿ ವಿನಿಮಯ ಮಾಡಿಕೊಂಡು, ವಿದ್ಯುತ್ ಸೋರಿಕೆಯಿಲ್ಲವೆಂದು ಖಚಿತಪಡಿಸುವ ಇನ್ಸುಲೇಷನ್ ಪರೀಕ್ಷೆ ಮುಗಿದು ಕರೆಂಟ್ ಹರಿಯುವ ಹೊತ್ತಿಗೆ ಪ್ರತಿ ನಿಲುಗಡೆಯಲ್ಲೂ ಹಲವು ನಿಮಿಷ ಕಳೆದಿರುತ್ತವೆ. ದಾರಿಯಲ್ಲಿ ನಂಬಿಕೆಗೆ ಅರ್ಹವಾದ ಚಾರ್ಜರ್‌ಗಳಿದ್ದರೆ ಶೇ. 10ರಿಂದ 15ಕ್ಕೆ ಇಳಿದಾಗ ನಿಂತು ಶೇ. 70ರಿಂದ 80ಕ್ಕೆ ಹೊರಡುವುದು ಹೆಚ್ಚಿನ ಕಾರುಗಳಿಗೆ ಸರಿಹೋಗುತ್ತದೆ. ಮುಂದಿನ ಚಾರ್ಜರ್ ತೀರ ದೂರವಿದ್ದರೆ ಅಥವಾ ಅದು ಕೆಲಸ ಮಾಡುತ್ತದೆಂಬ ಭರವಸೆ ಇಲ್ಲದಿದ್ದರೆ, ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಸಾಕಷ್ಟು ತುಂಬಿಸಿಕೊಂಡೇ ಹೊರಡಿ.

ಪ್ರಶ್ನೆ: ಹೊಸ ಕಾರು ಕೊಳ್ಳುವವನಿದ್ದೇನೆ. ಒಂದು ಕಾರಿನ ಗರಿಷ್ಠ ಚಾರ್ಜಿಂಗ್ ವೇಗ 250 ಕಿಲೋವ್ಯಾಟ್, ಇನ್ನೊಂದರದು 150. ದೂರ ಪ್ರಯಾಣಕ್ಕೆ ಮೊದಲನೆಯದೇ ಮೇಲಲ್ಲವೇ?

ಉತ್ತರ: ಗರಿಷ್ಠ ಅಂಕಿಯೊಂದನ್ನೇ ನೋಡಿ ಹಾಗೆ ಹೇಳಲಾಗದು. ಟೆಸ್ಲಾ ಮಾಡೆಲ್ 3ರ ದೊಡ್ಡ ಬ್ಯಾಟರಿಯ ಆವೃತ್ತಿ 250 ಕಿಲೋವ್ಯಾಟ್ ಮುಟ್ಟುವುದು ಬ್ಯಾಟರಿ ಬಹುಮಟ್ಟಿಗೆ ಖಾಲಿಯಿರುವಾಗ, ಅದೂ ಕೆಲವೇ ನಿಮಿಷ. ಅರ್ಧ ತುಂಬುವಷ್ಟರಲ್ಲಿ ವೇಗ ಅದರ ಅರ್ಧದ ಸಮೀಪಕ್ಕೆ ಬಂದಿರುತ್ತದೆ. ಇದಕ್ಕೆ ವಿರುದ್ಧವಾಗಿ ಆಡಿ ಇ-ಟ್ರಾನ್ 55 ತನ್ನ 150 ಕಿಲೋವ್ಯಾಟ್ ವೇಗವನ್ನು ಶೇ. 80ರ ಹತ್ತಿರದವರೆಗೂ ಹೆಚ್ಚುಕಡಿಮೆ ಸಮವಾಗಿ ಉಳಿಸಿಕೊಂಡು ಹೆಸರಾಯಿತು. ಕೇಳಬೇಕಾದ ಅಂಕಿ ಶೇ. 10ರಿಂದ 80ಕ್ಕೆ ಎಷ್ಟು ನಿಮಿಷ ಎಂಬುದು. ಹ್ಯುಂಡೈ ಅಯೋನಿಕ್ 5ರ 77.4 ಯೂನಿಟ್ ಬ್ಯಾಟರಿಗೆ, 350 ಕಿಲೋವ್ಯಾಟ್ ಚಾರ್ಜರ್‌ನಲ್ಲಿ, ಕಂಪನಿ ಹೇಳುವ ಅವಧಿ 18 ನಿಮಿಷ. ಭಾಗಿಸಿದರೆ ಸರಾಸರಿ 180 ಕಿಲೋವ್ಯಾಟ್ ಬರುತ್ತದೆ. ಅತಿ ವೇಗದ ಕಾರುಗಳ ಸಾಲಿಗೆ ಸೇರಿದ ಇದರಲ್ಲೂ ಚಾರ್ಜರ್ ಮೇಲಿನ ಸಂಖ್ಯೆಯ ಅರ್ಧದಷ್ಟನ್ನು ಮಾತ್ರ ಸರಾಸರಿಯಾಗಿ ಕಾಣುತ್ತೇವೆ ಎಂಬುದನ್ನು ಗಮನಿಸಬೇಕು.

ಸರಾಸರಿ ಗೊತ್ತಾದರೂ ಹೋಲಿಕೆ ಮುಗಿಯುವುದಿಲ್ಲ, ಏಕೆಂದರೆ ನಿಮಗೆ ಬೇಕಿರುವುದು ಕಿಲೋಮೀಟರ್‌ಗಳು. 100 ಕಿಲೋವ್ಯಾಟ್ ಸರಾಸರಿಯಲ್ಲಿ ಒಂದು ನಿಮಿಷಕ್ಕೆ 1.67 ಯೂನಿಟ್ ಸೇರುತ್ತದೆ. 100 ಕಿಲೋಮೀಟರ್‌ಗೆ 16 ಯೂನಿಟ್ ಬಳಸುವ ಮಿತವ್ಯಯದ ಸೆಡಾನ್‌ಗೆ ಅದು 10 ಕಿಲೋಮೀಟರ್‌ಗೂ ಹೆಚ್ಚು. 24 ಯೂನಿಟ್ ಬೇಡುವ ಭಾರಿ ಎಸ್‌ಯುವಿಗೆ 7 ಕಿಲೋಮೀಟರ್ ಕೂಡ ಆಗುವುದಿಲ್ಲ. ಇ-ಟ್ರಾನ್‌ನ ಚಾರ್ಜಿಂಗ್ ಎಷ್ಟೇ ಸಮವಾಗಿದ್ದರೂ ಅದರ ವಿದ್ಯುತ್ ಬಳಕೆ ಮಾಡೆಲ್ 3ಕ್ಕಿಂತ ಗಣನೀಯವಾಗಿ ಹೆಚ್ಚಾದ್ದರಿಂದ ಆ ಅನುಕೂಲದ ದೊಡ್ಡ ಪಾಲು ರಸ್ತೆಯಲ್ಲೇ ಕರಗುತ್ತದೆ. ಇನ್ನು, ನೀವು ಓಡಾಡುವ ದಾರಿಗಳಲ್ಲಿ 50 ಅಥವಾ 60 ಕಿಲೋವ್ಯಾಟ್ ಚಾರ್ಜರ್‌ಗಳೇ ಇರುವುದಾದರೆ ಎರಡೂ ಕಾರುಗಳು ಚಾರ್ಜರ್ ಮುಂದೆ ಸಮಾನ. ಆಗ ಕಡಿಮೆ ವಿದ್ಯುತ್ ಬಳಸುವ ಕಾರನ್ನು ಆರಿಸಿಕೊಳ್ಳಿ.

ಪ್ರಶ್ನೆ: ಅದೇ ಕಾರು, ಅದೇ ಚಾರ್ಜರ್. ಚಳಿಯ ಬೆಳಿಗ್ಗೆ ಅರ್ಧ ವೇಗವೂ ಬರಲಿಲ್ಲ, ಬೇಸಿಗೆಯ ಮಧ್ಯಾಹ್ನ ಚೆನ್ನಾಗಿ ಬಂತು. ಹೀಗೇಕೆ?

ಉತ್ತರ: ತಣ್ಣಗಿರುವ ಸೆಲ್‌ನಲ್ಲಿ ಅಯಾನುಗಳ ಚಲನೆ ನಿಧಾನ, ಮೇಲೆ ಹೇಳಿದ ಲೋಹ ಕಟ್ಟಿಕೊಳ್ಳುವ ಅಪಾಯವೂ ಹೆಚ್ಚು. ಆದ್ದರಿಂದ ಬ್ಯಾಟರಿ ಬೆಚ್ಚಗಾಗುವವರೆಗೆ ಕಾರು ಕರೆಂಟನ್ನು ತಡೆಹಿಡಿಯುತ್ತದೆ. ಕಬ್ಬಿಣದ ಫಾಸ್ಫೇಟ್ ಬಳಸುವ ಎಲ್ಎಫ್‌ಪಿ ಬ್ಯಾಟರಿಗಳಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಪ್ರಿಕಂಡಿಷನಿಂಗ್ (ಚಾರ್ಜ್‌ಗೆ ಮೊದಲೇ ಬ್ಯಾಟರಿಯನ್ನು ಸರಿಯಾದ ಉಷ್ಣತೆಗೆ ತರುವ) ಸೌಲಭ್ಯವಿರುವ ಅನೇಕ ಕಾರುಗಳಲ್ಲಿ, ಕಾರಿನದೇ ನ್ಯಾವಿಗೇಷನ್‌ನಲ್ಲಿ ಚಾರ್ಜರ್ ಅನ್ನು ಗಮ್ಯವಾಗಿ ಆರಿಸಿದರೆ, ತಲುಪುವ ಮೊದಲೇ ಬ್ಯಾಟರಿ ಬೆಚ್ಚಗಾಗಿರುತ್ತದೆ. ಫೋನಿನ ನಕ್ಷೆ ನೋಡಿಕೊಂಡು ಹೋದರೆ ಕಾರಿಗೆ ಅದು ತಿಳಿಯುವುದೇ ಇಲ್ಲ.

ಅತಿಯಾದ ಬಿಸಿಯೂ ತೊಂದರೆಯೇ. ನಿಸ್ಸಾನ್ ಲೀಫ್‌ನ 40 ಯೂನಿಟ್ ಮಾದರಿಯಲ್ಲಿ ಬ್ಯಾಟರಿಯನ್ನು ತಂಪಾಗಿಸುವ ಸಕ್ರಿಯ ವ್ಯವಸ್ಥೆ ಇರಲಿಲ್ಲ. ಒಂದೇ ದಿನದ ಪ್ರಯಾಣದಲ್ಲಿ ಎರಡನೆಯ, ಮೂರನೆಯ ಫಾಸ್ಟ್ ಚಾರ್ಜ್ ವೇಳೆಗೆ ವೇಗ ತೀವ್ರವಾಗಿ ಕುಸಿಯುತ್ತಿದೆಯೆಂದು 2018ರಲ್ಲಿ ಬಳಕೆದಾರರು ದೂರಿದರು. ಆ ಸಮಸ್ಯೆಗೆ ರ‍್ಯಾಪಿಡ್‌ಗೇಟ್ ಎಂಬ ಅಡ್ಡಹೆಸರೂ ಬಂತು. ದ್ರವದಿಂದ ತಂಪಾಗಿಸುವ ಬ್ಯಾಟರಿಗಳಲ್ಲಿ ಈ ಮಟ್ಟದ ಕುಸಿತ ಅಪರೂಪ.

ಪ್ರಶ್ನೆ: ವೇಗವಾಗಿ ಓಡಿಸಿದರೆ ಹೆಚ್ಚು ಚಾರ್ಜ್ ಮಾಡಬೇಕಾಗುತ್ತದೆ. ಹಾಗಿದ್ದರೆ ನಿಧಾನವಾಗಿ ಹೋದವರೇ ಬೇಗ ತಲುಪುತ್ತಾರೆಯೇ?

ಉತ್ತರ: ಅದು ನಿಮಗೆ ಸಿಗುವ ಚಾರ್ಜರ್ ಮೇಲೆ ನಿಂತಿದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 100 ಕಿಲೋಮೀಟರ್‌ನಿಂದ 120ಕ್ಕೆ ಹೋದಾಗ ಅದು ಶೇ. 44ರಷ್ಟು ಹೆಚ್ಚುತ್ತದೆ. ಬಳಕೆ 100 ಕಿಲೋಮೀಟರ್‌ಗೆ 16 ಯೂನಿಟ್‌ನಿಂದ 20ಕ್ಕೆ ಏರಿತೆಂದು ಇಟ್ಟುಕೊಂಡರೆ, 300 ಕಿಲೋಮೀಟರ್ ದಾರಿಯಲ್ಲಿ ಓಟದ ಸಮಯ ಅರ್ಧ ಗಂಟೆ ಉಳಿಯುತ್ತದೆ, 12 ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಆ 12 ಯೂನಿಟ್ 80 ಕಿಲೋವ್ಯಾಟ್ ಸರಾಸರಿಯಲ್ಲಿ 9 ನಿಮಿಷದ ಮಾತು. 25 ಕಿಲೋವ್ಯಾಟ್ ಮಾತ್ರ ಬರುವ ಕಡೆ ಅದಕ್ಕೇ 29 ನಿಮಿಷ ಬೇಕು. ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಇದನ್ನು ರಸ್ತೆಯ ವೇಗಮಿತಿಯೊಳಗಿನ ಲೆಕ್ಕವೆಂದೇ ತಿಳಿಯಬೇಕು.

ಪ್ರಶ್ನೆ: ಚಾರ್ಜರ್ 42 ಯೂನಿಟ್ ಎಂದು ಬಿಲ್ ಮಾಡಿತು, ಕಾರು 39 ಮಾತ್ರ ಸೇರಿತೆಂದು ತೋರಿಸುತ್ತಿದೆ. ಉಳಿದ ಮೂರು ಯೂನಿಟ್ ಎಲ್ಲಿ ಹೋಯಿತು?

ಉತ್ತರ: ಹೆಚ್ಚಿನ ಪಾಲು ಶಾಖವಾಗಿ ಹೋಗಿದೆ. ಸೆಲ್‌ಗಳ ಒಳಪ್ರತಿರೋಧದಲ್ಲಿ ಒಂದಿಷ್ಟು, ಅವನ್ನು ತಂಪಾಗಿಡುವ ಪಂಪ್ ಮತ್ತು ಕಂಪ್ರೆಸರ್‌ಗೆ ಒಂದಿಷ್ಟು ವ್ಯಯವಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ನಷ್ಟವೂ ಹೆಚ್ಚು. ಕಾರು ತೋರಿಸುವುದು ಅಂದಾಜು ಅಂಕಿಯಾದ್ದರಿಂದ ಇಷ್ಟು ವ್ಯತ್ಯಾಸಕ್ಕೆ ಆತಂಕ ಬೇಡ.

ಪ್ರಶ್ನೆ: ಐದು ನಿಮಿಷದಲ್ಲಿ ಚಾರ್ಜ್ ಎಂಬ ಸುದ್ದಿ ನಿಜವೇ?

ಉತ್ತರ: ಚೀನಾದ ಬಿವೈಡಿ ಕಂಪನಿ 2025ರ ಮಾರ್ಚ್‌ನಲ್ಲಿ 1000 ವೋಲ್ಟ್, 1000 ಆಂಪಿಯರ್ ಅಂದರೆ ಒಂದು ಮೆಗಾವ್ಯಾಟ್ ಗರಿಷ್ಠ ವೇಗದ ವ್ಯವಸ್ಥೆಯನ್ನು ಘೋಷಿಸಿ, ಐದು ನಿಮಿಷಕ್ಕೆ ಸುಮಾರು 400 ಕಿಲೋಮೀಟರ್ ಎಂದು ಹೇಳಿಕೊಂಡಿತು. ಆ ದೂರ ಚೀನಾದ ಪರೀಕ್ಷಾ ಮಾನದಂಡದ ಪ್ರಕಾರದ್ದು, ಹೆದ್ದಾರಿಯ ಓಟದಲ್ಲಿ ಅದಕ್ಕಿಂತ ಕಡಿಮೆಯಾಗುತ್ತದೆ. ಅಂಥ ಕಾರಿಗೆ ಅಂಥದೇ ಚಾರ್ಜರ್ ಕೂಡ ಬೇಕು. 60 ಕಿಲೋವ್ಯಾಟ್ ಚಾರ್ಜರ್ ಮುಂದೆ ಅದೂ ಇತರ ಕಾರುಗಳಂತೆಯೇ ಕಾಯಬೇಕು.

ಪ್ರಶ್ನೆ: ಚಾರ್ಜ್ ಆಗುವಾಗ ಎ.ಸಿ. ಹಾಕಿಕೊಂಡು ಒಳಗೇ ಕುಳಿತರೆ ವೇಗ ತಗ್ಗುತ್ತದೆಯೇ?

ಉತ್ತರ: ಗಮನಕ್ಕೆ ಬರುವಷ್ಟಿಲ್ಲ. ಎ.ಸಿ. ಸಾಮಾನ್ಯವಾಗಿ ಒಂದೆರಡು ಕಿಲೋವ್ಯಾಟ್ ಬಳಸುತ್ತದೆ. 80 ಕಿಲೋವ್ಯಾಟ್ ಬರುತ್ತಿರುವಾಗ ಅದು ಲೆಕ್ಕಕ್ಕಿಲ್ಲ. ಬ್ಯಾಟರಿ ಶೇ. 90 ದಾಟಿ 20 ಕಿಲೋವ್ಯಾಟ್‌ಗೆ ಇಳಿದಾಗ ಅದೇ ಎರಡು ಕಿಲೋವ್ಯಾಟ್ ಹತ್ತರಲ್ಲಿ ಒಂದು ಪಾಲಾಗುತ್ತದೆ.