ಅಜ್ಜಿಯ ಸೆರಗಿನ ಬಣ್ಣ ಯಾರನ್ನು ಕೇಳಬೇಕು?

"ನಿಮ್ಮ 'ಹಳೆಯ ಪಟ' ಪುಟಕ್ಕೆ ನಮ್ಮ ಅಜ್ಜ-ಅಜ್ಜಿಯ 1938ರ ಫೋಟೋ ಕಳಿಸಿದ್ದೆ. ಮೊಬೈಲ್ ಆ್ಯಪ್‌ನಲ್ಲಿ ಕಲೆಗಳನ್ನೆಲ್ಲ ತೆಗೆದು, ಬಣ್ಣ ಕೊಟ್ಟು ಚೆಂದ ಮಾಡಿದ್ದೆ. ನೀವು 'ಮೂಲ ಪ್ರತಿ ಕಳಿಸಿ' ಅಂತ ಉತ್ತರ ಬರೆದಿರಿ. ಈಗ ಎರಡನ್ನೂ ಕಳಿಸಿದ್ದೇನೆ. ಮಾಸಿದ ಕಪ್ಪು-ಬಿಳುಪು ಫೋಟೋವನ್ನು ನನ್ನ ಮಗಳು ತಿರುಗಿಯೂ ನೋಡಿರಲಿಲ್ಲ. ಬಣ್ಣ ಬಂದ ಮೇಲೆ 'ಇವರು ಯಾರು?' ಅಂತ ಕೇಳಿದಳು. ಹಿಂದೆ ಸ್ಟುಡಿಯೋದವರೂ ಕೈಯಲ್ಲಿ ಬಣ್ಣ ಹಚ್ಚುತ್ತಿರಲಿಲ್ಲವೇ? ನಿಮ್ಮದು ಎಂಥ ಹಟ?"
– ಓದುಗರೊಬ್ಬರು, ಗದಗ

ಸಂಪಾದಕರ ಉತ್ತರ:

ಮೂಲ ಫೋಟೋವನ್ನು ಎಸೆಯದೆ ಇಟ್ಟುಕೊಂಡಿದ್ದೀರಿ. ಅದಕ್ಕೆ ಮೊದಲು ನಿಮಗೊಂದು ನಮಸ್ಕಾರ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಗಳು 'ಇವರು ಯಾರು' ಅಂತ ಕೇಳಿದಳಲ್ಲ, ಅಷ್ಟರ ಮಟ್ಟಿಗೆ ಆ್ಯಪ್ ಒಳ್ಳೆಯ ಕೆಲಸವನ್ನೇ ಮಾಡಿದೆ. ಮನೆಯ ಗೋಡೆಗೆ ಬೇಕಾದರೆ ಅದನ್ನೇ ತೂಗುಹಾಕಿ. ಆದರೆ ಅದು ನಿಮ್ಮ ಅಜ್ಜಿಯ ಫೋಟೋ ಅಂತ ಅಚ್ಚು ಹಾಕಲು ನನ್ನಿಂದ ಆಗದು.

ಸೆರಗು ನೋಡಿ. ಆ್ಯಪ್ ಅದಕ್ಕೆ ಬೂದು ಮಿಶ್ರಿತ ನೀಲಿ ಬಳಿದಿದೆ. ಮೂಲದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪಿನ ನಡುವೆ ಬೆಳ್ಳಗೆ ಹಲ್ಲುಹಲ್ಲಾದ ಸಾಲು ಇದೆ. ಅದು ಟೋಪತೆನಿ, ಇಳಕಲ್ ಸೆರಗಿನ ಗುರುತಿನ ನೇಯ್ಗೆ. ಅಂದರೆ ನಿಮ್ಮ ಅಜ್ಜಿ ಉಟ್ಟಿದ್ದು ಇಳಕಲ್ ಸೀರೆ. ಇಳಕಲ್ ಸೀರೆಯ ಸೆರಗು ಯಾವ ಬಣ್ಣ ಅಂತ ಗದಗಿನವರಿಗೆ ನಾನು ಹೇಳಬೇಕಾ? ಕೆಂಪು!

ಕೆಂಪು ಕಪ್ಪಾದದ್ದು ಹೇಗೆ ಅಂದರೆ, ಆ ಕಾಲದ ಎಷ್ಟೋ ಫೋಟೋ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಅದಕ್ಕೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೆಲಸ ಮಾಡಬಹುದಿತ್ತು. ಆ ಬೆಳಕು ಪ್ಲೇಟಿಗೆ ಬಿದ್ದರೂ ಬೀಳದ ಹಾಗೆ. ಸೆರಗಿನ ಕೆಂಪು, ಹಣೆಯ ಕೆಂಪು, ಎಲ್ಲವೂ ಫೋಟೋದಲ್ಲಿ ಕಪ್ಪಾಗಿಬಿಡುತ್ತಿತ್ತು. ನೀಲಿಯದ್ದು ಇದಕ್ಕೆ ಉಲ್ಟಾ. ಅದು ಬೆಳ್ಳಗಾಗುತ್ತಿತ್ತು. ಹಳೆಯ ಫೋಟೋಗಳಲ್ಲಿ ಆಕಾಶ ಖಾಲಿ ಕಾಗದದ ಹಾಗೆ ಕಾಣುವುದು ಅದಕ್ಕೇ.

ಈಗ ಹಣೆ ನೋಡಿ. ಮೂಲದಲ್ಲಿ ಅಲ್ಲೊಂದು ದೊಡ್ಡ ಕಪ್ಪು ಚುಕ್ಕೆ ಇದೆ. ಬಣ್ಣದ ಪ್ರತಿಯಲ್ಲಿ ಅದು ಇಲ್ಲ. ಕಲೆ ಅಂದುಕೊಂಡು ಆ್ಯಪ್ ಒರೆಸಿಬಿಟ್ಟಿದೆ. ಅದು ಕುಂಕುಮ. ಗಂಡನ ಪಕ್ಕ ಕೂತ ನಿಮ್ಮ ಅಜ್ಜಿಯ ಕುಂಕುಮ. ನನಗೆ ಕರುಳು ಚುರ್ ಅಂತು. ನೀವು ಗಮನಿಸಿರಲಿಕ್ಕಿಲ್ಲ.

ಸ್ಟುಡಿಯೋದವರೂ ಬಣ್ಣ ಹಚ್ಚುತ್ತಿದ್ದರು, ಹೌದು. ನಮ್ಮ ದೇಶದಲ್ಲಿ ಅದು 19ನೇ ಶತಮಾನದಿಂದಲೇ ಇದ್ದ ಕಸುಬು. ಆದರೆ ಆ ಪೇಂಟರ್ ಎದುರಿಗೆ ನೀವು ಕೂತಿರುತ್ತಿದ್ದಿರಿ. 'ಸೀರೆ ಯಾವ ಬಣ್ಣದ್ದಮ್ಮ?' ಅಂತ ಕೇಳಬಹುದಿತ್ತು. ಹಣೆಗೆ ಕೆಂಪು ಇಡುವುದು ಯಾರೂ ಹೇಳದೆಯೂ ಅವನಿಗೆ ಗೊತ್ತಿತ್ತು. ಅವನಿಗೂ ಒಬ್ಬ ಅಜ್ಜಿ ಇದ್ದಳು.

ಹಂಪಿಯ ಒಂದು ಕತೆ ಹೇಳುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ ಅಲ್ಲಿ ಫೋಟೋ ತೆಗೆದರು. ಮೇಣ ಹಿಡಿಸಿದ ಕಾಗದವೇ ನೆಗೆಟಿವ್, ಒಂದೊಂದೂ ಸುಮಾರು ಒಂದೂವರೆ ಅಡಿ. ಎಷ್ಟೋ ಕಾಲ ಕಣ್ಮರೆಯಾಗಿದ್ದ ಅವು 1980ರಲ್ಲಿ ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ನಿಮ್ಮ ಜೇಬಿನಲ್ಲಿ ಐವತ್ತರ ಹೊಸ ನೋಟಿದ್ದರೆ ಹಿಂಬದಿ ನೋಡಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ, ಮೇಲ್ಭಾಗ ಬೋಳು. ಗ್ರೀನ್‌ಲಾ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಹಾಕಿದರು. 'ರಥಕ್ಕೆ ಇದೇನು ಮುರುಕು ಇಟ್ಟಿಗೆ' ಅಂತ ಯಾರಾದರೂ ಆ ಪ್ರತಿಯನ್ನೇ ಚೊಕ್ಕ ಮಾಡಿದ್ದರೆ, ಆ ಗೋಪುರ ಎರಡನೇ ಸಲ ಬೀಳುತ್ತಿತ್ತು.

ಫೋಟೋ ತೆಗೆಯುವ ವಿದ್ಯೆ ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೆರ್ ಪ್ಯಾರಿಸ್ಸಿನಲ್ಲಿ 1838ರಲ್ಲಿ ತೆಗೆದ ಬೀದಿಯ ಚಿತ್ರವೂ ಹಾಗೆಯೇ. ಬೀದಿ ತುಂಬ ಜನ, ಗಾಡಿ, ಕುದುರೆ ಓಡಾಡುತ್ತಿದ್ದ ಹೊತ್ತು. ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತಾದ್ದರಿಂದ ಓಡಾಡುವವರು ಯಾರೂ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತವನೊಬ್ಬ ಉಳಿದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರಲ್ಲಿ ಅವನೊಬ್ಬ. ಮೂಲೆಯಲ್ಲಿ ಒಂದು ಮಸುಕು ಗೆರೆ, ಅಷ್ಟೇ. ಆ್ಯಪ್‌ಗೆ ಕೊಟ್ಟರೆ ಉಳಿಯುತ್ತಾನಾ?

ಇಷ್ಟು ಗಟ್ಟಿಯಾಗಿ ಮಾತಾಡಲು ನನಗೆ ಕಾರಣ ಇದೆ. ನಮ್ಮ ಮನೆಯಲ್ಲಿ ನನ್ನ ಅಣ್ಣನ ನಾಮಕರಣದ ಫೋಟೋ ಇತ್ತು. ಮಗು ಸ್ಟೂಲಿನ ಮೇಲೆ ಕೂತಿದೆ. ಬಲಗಡೆ ಅಂಚಿನಿಂದ ಒಂದು ಕೈ ಬಂದು ಮಗುವಿನ ಬೆನ್ನಿಗೆ ಆನಿಸಿದೆ. ಬಳೆ ಇಲ್ಲದ ಕೈ. ಮೊಣಕೈಯಿಂದ ಆಚೆ ಏನೂ ಇಲ್ಲ. ಅದು ನಮ್ಮ ಸೋದರತ್ತೆಯ ಕೈ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದರು. ಶುಭಕಾರ್ಯದ ಫೋಟೋ ಅಂತ ಅವರನ್ನು ಪಕ್ಕಕ್ಕೆ ನಿಲ್ಲಿಸಿದ್ದರಂತೆ. ಆದರೆ ಮಗು ಅವರು ಹಿಡಿದರೆ ಮಾತ್ರ ಅಳು ನಿಲ್ಲಿಸುತ್ತಿತ್ತು. ಅತ್ತೆಯದ್ದು ಬೇರೆ ಫೋಟೋ ಇಲ್ಲ. ನಾನೇ ಅದನ್ನು ಕಟ್ಟು ಹಾಕಿಸಲು ಅಂಗಡಿಗೆ ಕೊಟ್ಟೆ. ಫ್ರೇಮಿಗೆ ಹೊಂದಲಿಲ್ಲ ಅಂತ ಅಂಗಡಿಯವನು ಬಲಗಡೆ ಎರಡು ಬೆರಳಗಲ ಕತ್ತರಿಸಿ ಬಿಸಾಕಿದ್ದ. ತಂದು ಗೋಡೆಗೆ ಹಾಕಿದ ದಿನ ಅಮ್ಮ ಬಹಳ ಹೊತ್ತು ನೋಡಿ, 'ಅತ್ತೆ ಕೈ ಎಲ್ಲೋ?' ಅಂದರು. ನನಗೆ ಅಲ್ಲಿಯವರೆಗೆ ಆ ಕೈ ಯಾರದ್ದೆಂದೇ ಗೊತ್ತಿರಲಿಲ್ಲ.

ಸುಮ್ನೆ ಆ್ಯಪ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಮನೆ ಒಡೆದು ಕಟ್ಟುವಾಗ ಆಲ್ಬಮ್ಮುಗಳನ್ನು ಗುಜರಿಗೆ ಹಾಕುವವರು ನಾವೇ. ಒಂದು ಊರಿನಲ್ಲಿ ಸ್ಟುಡಿಯೋ ಮುಚ್ಚಿದಾಗ ಗಾಜಿನ ನೆಗೆಟಿವ್‌ಗಳನ್ನು ತಿಕ್ಕಿ ತೊಳೆದು ದೇವರ ಪಟಗಳಿಗೆ ಗಾಜು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಎಷ್ಟು ಮದುವೆಗಳು ಆ ಬಚ್ಚಲಲ್ಲಿ ಹರಿದುಹೋದವೋ! ಅರಮನೆಯ ಫೋಟೋ ಆದರೆ ಆನೆಯ ಹೆಸರೂ ಬರೆದಿರುತ್ತದೆ. ನಮ್ಮ ನಿಮ್ಮ ಮನೆಯ ಫೋಟೋದ ಹಿಂದೆ ಏನೂ ಇರುವುದಿಲ್ಲ. ಹೆಸರು ಗೊತ್ತಿದ್ದ ಹಿರಿಯರು ಹೋದ ಮೇಲೆ ಎಲ್ಲರೂ 'ಯಾರೋ' ಆಗಿಬಿಡುತ್ತಾರೆ.

ಈಗ ನಿಮಗೆ ಒಂದು ಕೆಲಸ. ನಿಮ್ಮ ಚಿಕ್ಕಮ್ಮನಿಗೆ ಎಂಬತ್ತನಾಲ್ಕು, ಈಗಲೂ ಗಟ್ಟಿಯಾಗಿದ್ದಾರೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೂಲ ಫೋಟೋ ವಾಪಸ್ ಕಳಿಸುತ್ತಿದ್ದೇನೆ. ಅವರ ಕೈಗೆ ಕೊಡಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೇಳಿದ್ದನ್ನೆಲ್ಲ ಫೋಟೋ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಅದು ಒತ್ತಿ ಮುಂದಕ್ಕೆ ಮೂಡುತ್ತದೆ. ಅಂಟಿನ ಹಾಳೆಯ ಆಲ್ಬಮ್ ಅಂತೂ ಬೇಡವೇ ಬೇಡ.

ಸೀರೆಯ ಒಡಲು ಯಾವ ಬಣ್ಣ ಅಂತ ಕೇಳಿ. ಆಮೇಲೆ ಅಜ್ಜನ ಹಿಂದೆ ಎಡಗಡೆ ಅರ್ಧ ತೆರೆದ ಬಾಗಿಲು ತೋರಿಸಿ. ಬಣ್ಣದ ಪ್ರತಿಯಲ್ಲಿ ಅಲ್ಲಿ ಬರೀ ಗೋಡೆ ಇದೆ. ಮೂಲದಲ್ಲಿ ಬಾಗಿಲ ಸಂದಿಯಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಇಣುಕುತ್ತಿದ್ದಾಳೆ, ಎರಡು ಜಡೆ, ಬಾಯಲ್ಲಿ ಬೆರಳು. ಅವಳು ಯಾರು ಅಂತ ತಿಳಿದರೆ ಒಂದು ಕಾರ್ಡು ಬರೆಯಿರಿ. ಮುಂದಿನ ತಿಂಗಳು ಆ ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.