ಮೂರು ದೃಷ್ಟಿಕೋನಗಳಲ್ಲಿ ಉಪಯೋಗಕ್ಕೆ ಬರುವುದು ಯಾವುದು? ಕಾಸರಗೋಡಿನಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಇದು: ಪ್ರಕಾರ್ಯವಾದ, ಸಂಘರ್ಷ ಸಿದ್ಧಾಂತ, ಸಾಂಕೇತಿಕ ಅಂತರ್‌ಕ್ರಿಯಾವಾದ, ಈ ಮೂರರಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದು? ಸಮಾಜಶಾಸ್ತ್ರದ ಈ ಮೂರರಲ್ಲಿ ಮೊದಲನೆಯದು ಸಮಾಜದ ಪ್ರತಿ ಏರ್ಪಾಡು ಯಾವ ಅಗತ್ಯ ಪೂರೈಸುತ್ತದೆ ಎಂದು ನೋಡುತ್ತದೆ, ಎರಡನೆಯದು ಅಧಿಕಾರ, ಲಾಭ ಯಾರ ಕೈಯಲ್ಲಿವೆ ಎಂದು, ಮೂರನೆಯದು ಜನ ಒಬ್ಬರೊಡನೊಬ್ಬರು ವ್ಯವಹರಿಸುತ್ತ ಅರ್ಥಗಳನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂದು. ಮೂರೂ ಸಮಾನ ಎಂದು ತರಗತಿಯಲ್ಲಿ ಹೇಳಿದ್ದಾರೆ, ಆದರೆ ನಿಮಗೆ ನಂಬಿಕೆ ಬಂದಿಲ್ಲ. ಜೊತೆಗೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುವುದರ ಕುರಿತು ಕಿರುಪ್ರಬಂಧ ಬರೆಯುವುದಿದೆ, ಯಾವುದನ್ನು ಆರಿಸಿಕೊಳ್ಳಲಿ ಎಂದೂ ಕೇಳಿದ್ದೀರಿ.

ಕಾಸರಗೋಡಿನವನು, ಸಮಾಜಶಾಸ್ತ್ರ ಕಲಿಸಿದವನು ಎಂಬ ಎರಡು ಸಲುಗೆಯಿಂದ ಉತ್ತರಿಸುತ್ತಿದ್ದೇನೆ. ಮೂರೂ ಸಮಾನವಲ್ಲ. ಸಮಾನ ಎನ್ನುವುದು ಉತ್ತರಪತ್ರಿಕೆ ತಿದ್ದುವವರಿಗೆ ಅನುಕೂಲವಾದ ಮಾತು. ಗೈಡುಗಳಲ್ಲಿ ಬರುವ ಮೂರು ಬಣ್ಣದ ಕನ್ನಡಕದ ಹೋಲಿಕೆಯನ್ನು ನೀವೂ ಓದಿರುತ್ತೀರಿ. ಕನ್ನಡಕ ಬದಲಿಸುವುದು ಇಷ್ಟಾನಿಷ್ಟದ ವಿಷಯ, ಅದರಿಂದ ಎದುರಿನ ವಸ್ತು ಸುಳ್ಳಾಗುವುದಿಲ್ಲ. ಸಿದ್ಧಾಂತಗಳು ಹಾಗಲ್ಲ, ಒಂದು ಗೆದ್ದರೆ ಇನ್ನೊಂದು ಸೋಲಲೇಬೇಕಾದ ಜಾಗಗಳಿವೆ. ಮಹತ್ವದ ಹುದ್ದೆಗಳಿಗೆ ಅರ್ಹರನ್ನು ಸೆಳೆಯಲು ಸಮಾಜಕ್ಕೆ ಅಸಮಾನ ಪ್ರತಿಫಲ ಬೇಕೇ ಬೇಕು ಎಂದು 1945ರಲ್ಲಿ ಪ್ರಕಾರ್ಯವಾದಿಗಳಾದ ಕಿಂಗ್ಸ್‌ಲಿ ಡೇವಿಸ್ ಮತ್ತು ವಿಲ್ಬರ್ಟ್ ಮೂರ್ ವಾದಿಸಿದರು. ಆ ಅಸಮಾನತೆಯೇ ಪ್ರತಿಭೆಯನ್ನು ಗುರುತಿಸುವ ದಾರಿಯನ್ನು ಮುಚ್ಚುತ್ತದೆ ಎಂದು 1953ರಲ್ಲಿ ಮೆಲ್ವಿನ್ ಟ್ಯೂಮಿನ್ ತಿರುಗೇಟು ಕೊಟ್ಟರು. ಇಬ್ಬರ ಮಾತೂ ಒಟ್ಟಿಗೆ ನಿಜವಾಗಲಾರದು. ಟ್ಯೂಮಿನ್ ಹೇಳಿದ್ದೇ ಸರಿ ಎಂದು ನನ್ನ ಎಣಿಕೆ.

ಉಪಯುಕ್ತತೆಯನ್ನು ಅಳೆಯಲು ನಾನು ಬಳಸುವ ಅಳತೆ ಬಹಳ ಸರಳ. ಈ ಸಿದ್ಧಾಂತ ನನ್ನನ್ನು ಮೊದಲು ಯಾರ ಮನೆ ಬಾಗಿಲಿಗೆ ಕಳಿಸುತ್ತದೆ? ಅಲ್ಲಿ ಏನನ್ನು ಕೇಳಿಸುತ್ತದೆ? ಯಾವ ಪ್ರಶ್ನೆ ನನ್ನ ತಲೆಗೆ ಬಾರದಂತೆ ನೋಡಿಕೊಳ್ಳುತ್ತದೆ? ಮೂರನೆಯದೇ ಮುಖ್ಯ.

ಪ್ರಕಾರ್ಯವಾದದಿಂದ ತೊಡಗೋಣ. ಈಗ ಅದನ್ನು ಬೈಯುವುದು ಫ್ಯಾಷನ್. ಆದರೆ 2020ರ ಮಾರ್ಚ್‌ನಲ್ಲಿ ಇಲ್ಲಿದ್ದವರಿಗೆ ಅದರ ಮೂಲಪುರುಷರಲ್ಲಿ ಒಬ್ಬನಾದ ಡರ್ಖೈಮ್‌ನನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೊರೊನಾ ಭಯದಿಂದ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು, ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚಿತು. ಡಯಾಲಿಸಿಸ್‌ಗೆ, ಹೆರಿಗೆಗೆ, ಹೃದಯದ ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತಿದ್ದವರು ಗಡಿಯಲ್ಲೇ ಸಿಕ್ಕಿಬಿದ್ದರು. ಚಿಕಿತ್ಸೆ ತಲುಪದೆ ಕೆಲವರು ತೀರಿಕೊಂಡರು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಭೂಪಟದಲ್ಲಿ ನಾವು 1956ರ ನವೆಂಬರ್ 1ರಿಂದ ಕೇರಳದವರು. ಆದರೆ ಕಾಯಿಲೆ ಬಿದ್ದಾಗ, ಕಾಲೇಜು ಹುಡುಕುವಾಗ, ಅಡಿಕೆ ಮಾರುವಾಗ ಇಲ್ಲಿ ಬಹಳ ಜನ ಮಂಗಳೂರಿನವರು. ಶ್ರಮ ವಿಭಜನೆ ಹೆಣೆದ ಪರಸ್ಪರಾವಲಂಬನೆಯ ಬಗ್ಗೆ ಡರ್ಖೈಮ್ 1893ರಲ್ಲಿ ಬರೆದದ್ದು ಈ ಜಿಲ್ಲೆಯಲ್ಲಿ ರಸ್ತೆ ತುಂಡಾದ ವಾರ ಎಲ್ಲರಿಗೂ ಅರ್ಥವಾಯಿತು. ಒಂದು ಏರ್ಪಾಡು ಏನು ಮಾಡುತ್ತದೆ ಎಂದು ತಿಳಿಯಲು ಅದು ನಿಂತುಹೋದ ದಿನ ಯಾರಿಗೆ ಏನಾಯಿತು ಎಂದು ನೋಡು, ಎನ್ನುವುದು ಪ್ರಕಾರ್ಯವಾದ ಕೊಡುವ ಒಳ್ಳೆಯ ಪಾಠ.

ಆದರೆ ಅದು ಅಲ್ಲಿಗೇ ನಿಲ್ಲುತ್ತದೆ. ಮಂಗಳೂರಿನ ಆಸ್ಪತ್ರೆಗಳು ಕಾಸರಗೋಡಿನ ಅಗತ್ಯವನ್ನು ಪೂರೈಸುತ್ತಿದ್ದವು, ಸರಿ. ಒಂದು ಇಡೀ ಜಿಲ್ಲೆಗೆ ಅಷ್ಟು ವರ್ಷ ಸ್ವಂತ ದೊಡ್ಡ ಆಸ್ಪತ್ರೆ ಏಕೆ ಇರಲಿಲ್ಲ? ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿತ್ತು. ಅಲ್ಲಿ ರೋಗಿಗಳಿಗೆ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಆಸ್ಪತ್ರೆಯಾಗಿ. ರಾಜಧಾನಿ ತಿರುವನಂತಪುರ ರಾಜ್ಯದ ಒಂದು ತುದಿ, ನಾವು ಇನ್ನೊಂದು ತುದಿ. ಹಣ ಎಲ್ಲಿ ಹಂಚಿಕೆಯಾಗುತ್ತದೆ, ಯಾರ ದನಿ ಕೇಳುತ್ತದೆ, ನೆರೆಯೂರಿನ ಖಾಸಗಿ ಆಸ್ಪತ್ರೆಗಳಿಗೆ ಈ ಕೊರತೆಯಿಂದ ಏನು ಲಾಭ ಎಂಬ ಪ್ರಶ್ನೆಗಳನ್ನು ಪ್ರಕಾರ್ಯವಾದ ತಾನಾಗಿ ಎತ್ತುವುದಿಲ್ಲ. ಇದ್ದದ್ದನ್ನು ಅಗತ್ಯದಿಂದ ವಿವರಿಸುವ ಸಿದ್ಧಾಂತಕ್ಕೆ ಇಲ್ಲದ್ದು ಕಾಣಿಸುವುದಿಲ್ಲ. ಪಾರ್ಸನ್ಸ್‌ನ ನಾಲ್ಕು ಖಾನೆಗಳ ಚೌಕಟ್ಟನ್ನು (ಪ್ರತಿ ಸಮಾಜವೂ ಪೂರೈಸಬೇಕಾದ ನಾಲ್ಕು ಅಗತ್ಯಗಳ ಪಟ್ಟಿ) ಪರೀಕ್ಷೆಗಾಗಿ ಓದಿಕೊಳ್ಳಿ, ಅದರಿಂದ ಒಂದು ಹಳ್ಳಿಯೂ ಅರ್ಥವಾದದ್ದನ್ನು ನಾನು ಕಂಡಿಲ್ಲ. ಅದೇ ಪಂಥದ ರಾಬರ್ಟ್ ಮರ್ಟನ್ ಬೇರೆ, ಅವನ ಕಡೆಗೆ ಕೊನೆಯಲ್ಲಿ ಬರುತ್ತೇನೆ.

ಹಾಗಾದರೆ ಸಂಘರ್ಷ ಸಿದ್ಧಾಂತವೇ? ಒಂದನ್ನೇ ಆರಿಸು ಎಂದು ಯಾರಾದರೂ ಕುತ್ತಿಗೆ ಹಿಡಿದರೆ ಹೌದು, ಅದನ್ನೇ ಆರಿಸುತ್ತೇನೆ. ಎಂಡೋಸಲ್ಫಾನ್ ಕತೆ ನಿಮಗೆ ಗೊತ್ತಿರಬಹುದು. ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ದ ಸುಮಾರಿಗೆ ನಿಲ್ಲುವ ತನಕ, ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿಯುತ್ತಿತ್ತು. ಗುಡ್ಡದ ಮೇಲೆ ತೋಟ, ಇಳಿಜಾರಿನಲ್ಲಿ ಮನೆ, ಬಾವಿ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗ, ತೋಡು. ಸಿಂಪಡಿಸುವ ನಿರ್ಧಾರ ಮಾಡಿದವರು ಆ ನೀರು ಕುಡಿಯುತ್ತಿರಲಿಲ್ಲ. ಲಾಭ ಯಾರಿಗೆ, ಅಪಾಯ ಯಾರಿಗೆ, ತೀರ್ಮಾನದ ಮೇಜಿನ ಸುತ್ತ ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ವಿಷಯದ ಬೆನ್ನೆಲುಬು ಸಿಗುತ್ತದೆ, ಬೇರೆ ಯಾವ ಸಿದ್ಧಾಂತವೂ ಅಷ್ಟು ಬೇಗ ಅಲ್ಲಿಗೆ ಮುಟ್ಟಿಸುವುದಿಲ್ಲ.

ಬೆನ್ನೆಲುಬಾದ ಮೇಲೂ ಕೆಲಸ ಬಹಳ ಉಳಿಯುತ್ತದೆ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿದವರಲ್ಲಿ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಒಬ್ಬರು. ಅವರ ಬಳಿ ಇದ್ದದ್ದು ವರ್ಗವಿಶ್ಲೇಷಣೆಯಲ್ಲ. ಒಂದೇ ಊರಿನ ಮನೆಮನೆಗಳ ಕಾಯಿಲೆ ಅವರ ಕಣ್ಣ ಮುಂದೆ ಇತ್ತು. ಆಮೇಲೆ ಹೋರಾಟ ಬೆಳೆಯಿತು, ಸುಪ್ರೀಂ ಕೋರ್ಟು 2011ರಲ್ಲಿ ದೇಶದಾದ್ಯಂತ ಈ ಕೀಟನಾಶಕವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಹೇಳಿತು. ಇಲ್ಲಿಂದ ಕತೆ ಬೇರೆ ಹಾದಿ ಹಿಡಿಯುತ್ತದೆ. ಸಂತ್ರಸ್ತ ಎಂದರೆ ಯಾರು? ಸರ್ಕಾರ ವೈದ್ಯಕೀಯ ಶಿಬಿರ ನಡೆಸಿತು, ಪಟ್ಟಿ ಮಾಡಿತು. ಪಟ್ಟಿಯಲ್ಲಿ ಹೆಸರಿದ್ದರೆ ಪಿಂಚಣಿ, ಚಿಕಿತ್ಸೆ, ಪರಿಹಾರ. ಇಲ್ಲದಿದ್ದರೆ ಕಾಯಿಲೆ ಅದೇ, ಆದರೆ ಮನೆಯವರು ಮತ್ತೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ. ಜನ ಒಂದು ಸನ್ನಿವೇಶವನ್ನು ನಿಜವೆಂದು ನಿರೂಪಿಸಿದರೆ ಅದರ ಪರಿಣಾಮಗಳೂ ನಿಜವಾಗುತ್ತವೆ ಎಂದು ಡಬ್ಲ್ಯು. ಐ. ಥಾಮಸ್ ಮತ್ತು ಡೊರೊತಿ ಥಾಮಸ್ 1928ರಲ್ಲಿ ಹೇಳಿದ್ದು ಇಲ್ಲಿ ಒಂದು ಸರ್ಕಾರಿ ಪಟ್ಟಿಯ ರೂಪ ತಳೆದಿದೆ. ‘ಸಂತ್ರಸ್ತ’ ಎಂಬ ಇದೇ ಹೆಸರು ಇನ್ನೊಂದು ಕಡೆ ಕೈ ಸುಡುತ್ತದೆ. ಆ ಊರಿನ ಹುಡುಗಿ ಎಂದರೆ ಮದುವೆ ಮಾತುಕತೆ ಅರ್ಧಕ್ಕೆ ನಿಲ್ಲುವುದುಂಟು. ಪರಿಹಾರಕ್ಕಾಗಿ ಕಚೇರಿಯಲ್ಲಿ ಹೇಳಲೇಬೇಕಾದದ್ದನ್ನು ನೆಂಟಸ್ತಿಕೆಗಾಗಿ ಮನೆಯ ಚಾವಡಿಯಲ್ಲಿ ಮುಚ್ಚಿಡಬೇಕು. ಕಳಂಕದ ಕುರಿತು ಗಾಫ್‌ಮನ್ 1963ರಲ್ಲಿ ಬರೆದದ್ದನ್ನು ಓದಿದವರಿಗೆ ಈ ಇಬ್ಬಂದಿ ಹೊಸದಲ್ಲ. ಮೀಡ್, ಬ್ಲೂಮರ್, ಗಾಫ್‌ಮನ್ ಇವರ ಸಾಲಿನ, ಅಂದರೆ ಸಾಂಕೇತಿಕ ಅಂತರ್‌ಕ್ರಿಯಾವಾದದ, ಬಲ ಇರುವುದೇ ಇಲ್ಲಿ. ಇದನ್ನು ಕೇವಲ ವರ್ಗಹಿತದಿಂದ ವಿವರಿಸಲು ಹೊರಟವರು ಆ ತಾಯಂದಿರ ಮುಂದೆ ಕುಳಿತು ಹತ್ತು ನಿಮಿಷ ಮಾತಾಡಿಲ್ಲ ಎಂದೇ ಅರ್ಥ.

ತಾಯಂದಿರು ಎಂದೆ. ಮಲಗಿದಲ್ಲೇ ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುವುದು ಯಾರು, ಅದಕ್ಕಾಗಿ ಕೂಲಿ ಕೆಲಸ ಬಿಟ್ಟವರು ಯಾರು ಎಂದು ನೋಡಿದರೆ ಪಠ್ಯದ ಮೂರು ದೃಷ್ಟಿಕೋನಗಳ ಪಟ್ಟಿಯೇ ಕುಂಟುತ್ತದೆ. ಸ್ತ್ರೀವಾದಿ ಸಮಾಜಶಾಸ್ತ್ರವನ್ನು ನಾಲ್ಕನೆಯ ಅನುಬಂಧವಾಗಿ ಕಡೆಯ ಪುಟಕ್ಕೆ ತಳ್ಳುವುದು ಸರಿಯಲ್ಲ. ನಿಮ್ಮ ಪ್ರಬಂಧದಲ್ಲೂ ಮಗುವನ್ನು ಎಲ್ಲಿಗೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನಿಸುವವರು ಯಾರು, ಮನೆಪಾಠ ಓದಿಸುವವರು ಯಾರು ಎಂದು ತಪ್ಪದೆ ಕೇಳಿ.

ಅಂತರ್‌ಕ್ರಿಯಾವಾದದ ಮಿತಿಯನ್ನೂ ಹೇಳಿಬಿಡುತ್ತೇನೆ. ಚಾವಡಿಯ ಮಾತು ಎಷ್ಟು ಕೇಳಿದರೂ ಹೆಲಿಕಾಪ್ಟರ್ ಯಾರ ಆದೇಶದಿಂದ ಬಂತು ಎಂಬುದು ಅಲ್ಲಿ ಸಿಗುವುದಿಲ್ಲ. ಅದಕ್ಕೆ ಕಡತ ಬೇಕು.

ಇನ್ನು ಭಾಷೆ. ಇಲ್ಲಿ ಸಂಘರ್ಷ ಸಿದ್ಧಾಂತವನ್ನು ಕೈಗೆತ್ತಿಕೊಳ್ಳುವುದು ತುಂಬ ಸುಲಭ, ಆದ್ದರಿಂದಲೇ ಎಚ್ಚರ ಬೇಕು. ಮಲಯಾಳ ಪ್ರಬಲ, ಕನ್ನಡ ದುರ್ಬಲ, ಮುಗಿಯಿತು ಎಂದು ಬರೆದರೆ ಅಂಕ ಬರುತ್ತದೆ. ಅದು ಸುಳ್ಳೂ ಅಲ್ಲ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದರ ವಿರುದ್ಧ ಇಲ್ಲಿ ಮಕ್ಕಳೂ ಪೋಷಕರೂ ಬೀದಿಗಿಳಿದಿದ್ದಾರೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದಾಗಲೂ ಪ್ರತಿಭಟನೆ ನಡೆಯಿತು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ಗಡಿ ವರದಿ 1967ರಿಂದ ಜಾರಿಯಾಗದೆ ಹಾಗೇ ಇದೆ. ಹೊರಗಿನ ಸಂಘರ್ಷ ಒಳಗಿನವರನ್ನು ಒಗ್ಗೂಡಿಸುತ್ತದೆ ಎಂದು ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ ಬರೆದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಕಯ್ಯಾರ ಕಿಞ್ಞಣ್ಣ ರೈಗಳ ಕಾಲದ ಏಕೀಕರಣ ಚಳವಳಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಆದರೆ ಯಾರನ್ನು ಒಗ್ಗೂಡಿಸಿತು, ಯಾರು ಹೊರಗುಳಿದರು? ಇಲ್ಲಿಯ ಕನ್ನಡ ಶಾಲೆಯ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ. ಕನ್ನಡ ಶಾಲೆಯ ಮಾತು, ಯಕ್ಷಗಾನದ ಮಾತು, ದೇವಸ್ಥಾನದ ಆಮಂತ್ರಣ ಪತ್ರಿಕೆಯ ಮಾತು. ಹಳೆಯ ಭೂಮಾಲೀಕ ಮನೆತನಗಳಲ್ಲಿ ಕನ್ನಡದವರೂ ಇದ್ದರು. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಯಾಯಿತು, ಒಕ್ಕಲಿಗೆ ಹಕ್ಕುಪತ್ರ ಬಂತು. ಗೇಣಿ ಕಳೆದುಕೊಂಡ ಮನೆಯೂ ಭೂಮಿ ಪಡೆದ ಮನೆಯೂ ಒಂದೇ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿದ ಊರಿನಲ್ಲಿ ‘ಕೇರಳ ಸರ್ಕಾರ’ ಎಂಬುದಕ್ಕೆ ಎರಡೂ ಮನೆಯಲ್ಲಿ ಒಂದೇ ಅರ್ಥ ಇರಲು ಸಾಧ್ಯವೇ? ಭಾಷೆಯ ಗೆರೆ ಎಳೆದು ಅಲ್ಲಿಗೆ ನಿಲ್ಲಿಸುವ ಸಂಘರ್ಷ ಸಿದ್ಧಾಂತ ಅರ್ಧ ಸಂಘರ್ಷ ಸಿದ್ಧಾಂತ.

ಈಗ ನಿಮ್ಮ ಪ್ರಬಂಧದ ಗಂಟು. ಕನ್ನಡದ ಹುಡುಗನ ತಂದೆ, ಕನ್ನಡ ಸಂಘದ ಸದಸ್ಯ, ಪ್ರತಿಭಟನೆಗೂ ಬರುವವನು, ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾನೆ. ಯಾಕೆ? ಒರಟು ಸಂಘರ್ಷವಾದ ಇದನ್ನು ಮಿಥ್ಯಾಪ್ರಜ್ಞೆ, ಅಂದರೆ ತನ್ನ ಹಿತ ತನಗೇ ತಿಳಿಯದ ಸ್ಥಿತಿ, ಎಂದು ಕರೆದು ಆ ತಂದೆಯನ್ನು ದಡ್ಡನನ್ನಾಗಿಸುತ್ತದೆ. ಅವನು ದಡ್ಡನಲ್ಲ. ಇದಕ್ಕೆ ನನಗೆ ಅತ್ಯಂತ ಉಪಯುಕ್ತ ಅನ್ನಿಸಿದ್ದು ನಿಮ್ಮ ಮೂರರ ಪಟ್ಟಿಯಲ್ಲಿ ಇಲ್ಲದ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯು. ಭಾಷೆ ಒಂದು ಬಂಡವಾಳ, ಅದರ ಬೆಲೆಯನ್ನು ಮಾರುಕಟ್ಟೆ ಕಟ್ಟುತ್ತದೆ, ಒಂದೇ ಮಾತಿಗೆ ಬೇರೆ ಬೇರೆ ಮಾರುಕಟ್ಟೆಯಲ್ಲಿ ಬೇರೆ ಬೇರೆ ಬೆಲೆ ಎಂದನು ಅವನು. ನಮ್ಮ ಹುಡುಗನಿಗೆ ಕೇರಳದ ಸರ್ಕಾರಿ ಕೆಲಸಕ್ಕೆ ಮಲಯಾಳ ಬೇಕು, ಬೆಂಗಳೂರಿನ ಕಂಪನಿಗೂ ದುಬೈಗೂ ಇಂಗ್ಲಿಷ್ ಬೇಕು, ಮಂಗಳೂರಿನ ಅಂಗಡಿಗೆ ತುಳು ಸಾಕು. ಕನ್ನಡಕ್ಕೆ ಗೌರವ ಇದೆ, ವೇದಿಕೆ ಇದೆ, ಸಂಬಳ ಕಡಿಮೆ. ಗೌರವದ ಬೆಲೆ ಮತ್ತು ಸಂಬಳದ ಬೆಲೆ ಬೇರೆಯಾದಲ್ಲಿ ಮನುಷ್ಯ ಮಾಡುವುದನ್ನೇ ಆ ತಂದೆ ಮಾಡುತ್ತಾನೆ. ಬೋರ್ದ್ಯು ಅಧಿಕಾರದ ಪ್ರಶ್ನೆಯನ್ನು ಬಿಡುವುದಿಲ್ಲ, ಮನೆಯೊಳಗಿನ ಲೆಕ್ಕಾಚಾರವನ್ನೂ ಹೀಗಳೆಯುವುದಿಲ್ಲ. ಅವನ ವಾಕ್ಯಗಳು ಉದ್ದ, ತಾಳ್ಮೆ ಬೇಕು, ಅಷ್ಟೇ.

ಮರ್ಟನ್ ಬಗ್ಗೆ ಹೇಳುತ್ತೇನೆಂದಿದ್ದೆ. ಮೇ ತಿಂಗಳಲ್ಲಿ ಇಲ್ಲಿಗೆ ಬಂದರೆ ಅನುದಾನಿತ ಶಾಲೆಗಳ ಶಿಕ್ಷಕರು ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುವುದನ್ನು ನೋಡುತ್ತೀರಿ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಶಿಕ್ಷಕ ಹುದ್ದೆ ನಿರ್ಧಾರವಾಗುತ್ತದೆ. ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಗುತ್ತದೆ, ಅದರೊಂದಿಗೆ ಒಂದು ಹುದ್ದೆಯೂ ಹೋಗಬಹುದು. ಮರ್ಟನ್ ಮಾತಿನಲ್ಲಿ ಹೇಳುವುದಾದರೆ, ಭಾಷೆ ಉಳಿಸುವುದು ಶಾಲೆಯ ವ್ಯಕ್ತ (ಬಹಿರಂಗವಾಗಿ ಹೇಳಿಕೊಳ್ಳುವ) ಪ್ರಕಾರ್ಯ, ಹುದ್ದೆ ಉಳಿಸುವುದು ಸುಪ್ತ (ಹೇಳದೆ ಒಳಗೇ ಉಳಿಯುವ) ಪ್ರಕಾರ್ಯ. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಹುದ್ದೆಯ ಚಿಂತೆ ಇಲ್ಲದಿದ್ದರೆ ಎಷ್ಟೋ ಶಾಲೆಗಳು ಯಾವಾಗಲೋ ಮುಚ್ಚಿಹೋಗುತ್ತಿದ್ದವು.

ಆದ್ದರಿಂದ ಪ್ರಬಂಧಕ್ಕೆ ಸಿದ್ಧಾಂತವನ್ನು ಮೊದಲು ಆರಿಸಿಕೊಂಡು ಬರಬೇಡಿ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಒಂದೆರಡು ಶಾಲೆ ಆರಿಸಿಕೊಂಡು, ಮೊದಲು ಮಕ್ಕಳನ್ನು ಬೇರೆ ಕಡೆ ಸೇರಿಸಿದ ಮನೆಗಳಿಗೆ ಹೋಗಿ. ಹೆಚ್ಚಿನವರು ಶಾಲೆಯಲ್ಲಿ ಉಳಿದವರನ್ನು ಮಾತಾಡಿಸಿ ಬರುತ್ತಾರೆ, ಬಿಟ್ಟುಹೋದವರ ಕಾರಣ ಅಲ್ಲಿ ಸಿಗುವುದಿಲ್ಲ. ಮನೆಮಾತು, ಜಮೀನು, ಗಲ್ಫ್‌ನಲ್ಲಿ ಯಾರಿದ್ದಾರೆ, ಶಾಲೆಯ ವಾಹನ ಅಂಗಳದ ತನಕ ಬರುತ್ತದೆಯೇ, ಇವನ್ನೆಲ್ಲ ಬರೆದುಕೊಳ್ಳಿ. ವಾಹನದ ಪ್ರಶ್ನೆಯನ್ನು ಸಣ್ಣದೆಂದು ಬಿಡಬೇಡಿ, ಹಲವು ಮನೆಗಳಲ್ಲಿ ಮಾಧ್ಯಮದ ತೀರ್ಮಾನಕ್ಕಿಂತ ಮೊದಲು ಆಗುವುದು ಅದೇ. ಆಮೇಲೆ ಶಾಲೆಗೆ, ಕೊನೆಗೆ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಓದಿಕೊಂಡು ಹೋದರೆ ಅಲ್ಲಿ ಕೇಳುವ ಪ್ರಶ್ನೆಗೆ ತೂಕ ಬರುತ್ತದೆ. ಮಲಯಾಳ ಅಷ್ಟಿಷ್ಟು ಬರುವ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ, ಕಡತಗಳು ಹೆಚ್ಚಾಗಿ ಅದೇ ಭಾಷೆಯಲ್ಲಿರುತ್ತವೆ.