ಲಂಬಾಣಿ ಹುಡುಗಿಯ ಪಾತ್ರಕ್ಕೆ ಬಂದ ಟೀಕೆ: ಸರಿಪಡಿಸೋದು ಹೇಗೆ?

ತೊಂದರೆ ಇರುವುದು ಬಹುಶಃ ಆ ಲಂಗದಲ್ಲಿ. ನಿಮ್ಮ ಐದು ನಿಮಿಷದ ಅನಿಮೇಷನ್‌ನಲ್ಲಿ ಲಂಬಾಣಿ ಹುಡುಗಿ ಶಾಲೆಗೂ ಕನ್ನಡಿ ಕಸೂತಿಯ ಉಡುಪಲ್ಲೇ ಹೋಗುತ್ತಾಳೆ, ತಾಂಡಾದವರೇ ನೋಡಿ 'ಫ್ಯಾನ್ಸಿ ಡ್ರೆಸ್' ಅಂದರು ಎಂದು ಬರೆದಿದ್ದೀರಿ. ಅಜ್ಜಿಗಾದರೆ ಆ ಉಡುಪು ಸರಿ. ಮಕ್ಕಳು ಯೂನಿಫಾರಂ ಹಾಕಿಕೊಂಡು ಹೋಗುತ್ತಾರೆ, ಅಲ್ವಾ? ನಾನೂ ಒಂದು ಕಿರುಚಿತ್ರದಲ್ಲಿ ಇದೇ ತಪ್ಪು ಮಾಡಿದ್ದೆ.

ಮೊದಲು ಸಮರ್ಥನೆ ಬರೆಯುವುದನ್ನು ನಿಲ್ಲಿಸಿ. 2013ರಲ್ಲಿ ಡಿಸ್ನಿ, ಮೆಕ್ಸಿಕೋದವರು ಸತ್ತವರನ್ನು ನೆನೆಯುವ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಲು ಹೋಗಿ ಚೆನ್ನಾಗಿ ಬೈಸಿಕೊಂಡಿತು. ಅರ್ಜಿ ವಾಪಸ್ ಪಡೆಯಿತು. ಆಗ ವ್ಯಂಗ್ಯಚಿತ್ರ ಬರೆದು ಗೇಲಿ ಮಾಡಿದ್ದ ಲಾಲೋ ಅಲ್ಕರಾಜ್ ಅವರನ್ನೇ ಆಮೇಲೆ ಅದೇ ಹಬ್ಬದ ಸುತ್ತ ಹೆಣೆದ 'ಕೊಕೊ' ಅನಿಮೇಷನ್ ಚಿತ್ರಕ್ಕೆ ಸಲಹೆಗಾರರಾಗಿ ಕರೆದರು. ಆ ಚಿತ್ರದ ಅಜ್ಜಿಯ ಕೈಯಲ್ಲಿದ್ದ ಮರದ ಸೌಟು ಹೋಗಿ ಚಪ್ಪಲಿ ಬಂದದ್ದು ಇಂಥ ಸಲಹೆಯಿಂದಲೇ. 2017ರಲ್ಲಿ ಮೆಕ್ಸಿಕೋದ ಜನ ಆ ಚಿತ್ರವನ್ನು ಮುಗಿಬಿದ್ದು ನೋಡಿದರು.

ನೀವೂ ಟೀಕಿಸಿದವರಲ್ಲಿ ಇಬ್ಬರು ಮೂವರನ್ನು ಕರೆಯಿರಿ. ಧ್ವನಿ ಆಫ್ ಮಾಡಿ ಚಿತ್ರ ತೋರಿಸಿ. ಎಲ್ಲಿ ನಗುತ್ತಾರೆ, ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಅವರ ಸಮಯಕ್ಕೆ ದುಡ್ಡು ಕೊಡಿ, ಟೈಟಲ್‌ನಲ್ಲಿ ಹೆಸರೂ ಹಾಕಿ. ಆಮೇಲೆ ಉಡುಪು ಬದಲಿಸಿ. ಮನೆಯೊಳಗಿನ ಮಾತನ್ನು ಅವರಲ್ಲೇ ಒಬ್ಬರಿಂದ ಲಂಬಾಣಿಯಲ್ಲಿ ಮತ್ತೆ ಡಬ್ ಮಾಡಿಸಿ.

'ಇದೆಲ್ಲ ಯಾಕೆ ಬೇಕಿತ್ತು' ಅನ್ನುವ ಕಾಮೆಂಟುಗಳನ್ನು ಸುಮ್ನೆ ಬಿಟ್ಟುಬಿಡಿ, ಅದು ಬೇರೆ ಜಗಳ.

ಕಥೆಯನ್ನೂ ತಿದ್ದಬೇಕಾ? ಚಿತ್ರ ನೋಡದೆ ಹೇಳಲಾರೆ. ಹುಡುಗಿಗೆ ಕುಣಿಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ ಅಂತಾದರೆ ತಿದ್ದಲೇಬೇಕು.